ಹವ್ಯಾಸದ ಕೈಕೆಲಸವನ್ನು ಮಾರಬೇಕೇ, ಬೇಡವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹೆಣಿಗೆ, ಕಸೂತಿ, ಮರಗೆಲಸ, ಕುಂಬಾರಿಕೆ, ಮೇಣದಬತ್ತಿ, ಸಾಬೂನು, ಮಣಿಯ ಆಭರಣ, ಹೀಗೆ ಯಾವುದಾದರೊಂದು ಕೈಕೆಲಸವನ್ನು ಸಂತೋಷಕ್ಕಾಗಿ ಮಾಡುವವರ ಮುಂದೆ ಒಂದಲ್ಲ ಒಂದು ದಿನ ಇದನ್ನು ಮಾರಿದರೆ ಹೇಗೆ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ನಾನು ಅನೇಕ ವರ್ಷಗಳಿಂದ ಹೆಣಿಗೆ ಮತ್ತು ಕ್ರೋಶಾ ಮಾಡುತ್ತಿದ್ದೇನೆ. ಮಾಡಿದ್ದರಲ್ಲಿ ಕೆಲವನ್ನು ಈಗಲೂ ಮಾರುತ್ತೇನೆ, ಕೆಲವನ್ನು ಮಾರುವುದನ್ನು ನಿಲ್ಲಿಸಿದ್ದೇನೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚಾಗಿ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನೋಡಿದವರೆಲ್ಲ "ಇದನ್ನು ಮಾರಬಹುದಲ್ಲ" ಎನ್ನುತ್ತಾರೆ. ಆ ಮಾತನ್ನು ನಂಬಬಹುದೇ?

ಮೆಚ್ಚುಗೆಯೆಂದು ನಂಬಬಹುದು, ಬೇಡಿಕೆಯೆಂದು ಎಣಿಸಬಾರದು. ಹಾಗೆ ಹೇಳುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು "ಬಹಳ ಚೆನ್ನಾಗಿ ಮಾಡಿದ್ದೀರಿ" ಎಂಬ ಭಾವವೇ ಹೊರತು ತಾವು ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂಬುದಲ್ಲ. ನಿಮ್ಮ ಪರಿಚಯವೇ ಇಲ್ಲದ ಒಬ್ಬರು ಬೆಲೆ ಕೇಳಿ, ಬೆಲೆ ಹೇಳಿದ ಮೇಲೂ "ಯಾವಾಗ ಸಿಗುತ್ತದೆ?" ಎಂದು ವಿಚಾರಿಸಿದರೆ ಅದನ್ನು ಬೇಡಿಕೆಯ ಲಕ್ಷಣವೆಂದು ತಿಳಿಯಬಹುದು. ಹಾಗೆ ವಿಚಾರಿಸಿದವರು ಎಷ್ಟು ಮಂದಿ ಎಂದು ಕೆಲವು ತಿಂಗಳು ಬರೆದಿಟ್ಟುಕೊಂಡರೆ, ನೂರು ಹೊಗಳಿಕೆಗಳಿಂದ ತಿಳಿಯದ ಸಂಗತಿ ಆ ಪುಟದಿಂದ ತಿಳಿಯುತ್ತದೆ.

ಮಾರಲು ಆರಂಭಿಸಿದರೆ ಹವ್ಯಾಸದ ಸಂತೋಷ ಹೋಗಿಬಿಡುತ್ತದೆಯೇ?

ಎಲ್ಲರಿಗೂ ಹೋಗುವುದಿಲ್ಲ, ಆದರೆ ಹೋಗುವ ಸಾಧ್ಯತೆ ನಿಜವಾದದ್ದು. ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ 3ರಿಂದ 5 ವರ್ಷದ ಮಕ್ಕಳನ್ನು ಮೂರು ಗುಂಪುಗಳನ್ನಾಗಿ ಮಾಡಲಾಗಿತ್ತು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಬಹುಮಾನ ಕೊಡುವುದಾಗಿ ಮೊದಲೇ ಹೇಳಿ ಕೊಟ್ಟರು, ಇನ್ನೊಂದು ಗುಂಪಿಗೆ ಮೊದಲು ಹೇಳದೆ ಕೊನೆಯಲ್ಲಿ ಕೊಟ್ಟರು, ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಬಣ್ಣದ ಪೆನ್ನುಗಳನ್ನು ಮುಂದಿಟ್ಟು ನೋಡಿದಾಗ, ಬಹುಮಾನಕ್ಕಾಗಿ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಮಯವನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ.

ಇದರಲ್ಲಿ ನಾನು ಗಮನಿಸುವುದು ಆ ಎರಡನೆಯ ಗುಂಪನ್ನು. ಆಸಕ್ತಿಯನ್ನು ಕುಂದಿಸಿದ್ದು ಬಹುಮಾನ ಕೈಸೇರಿದ್ದಲ್ಲ, "ಇದಕ್ಕಾಗಿ ಮಾಡುತ್ತಿದ್ದೇನೆ" ಎಂಬ ಒಪ್ಪಂದ. ಆದ್ದರಿಂದ ಮನಸ್ಸಿಗೆ ಬಂದದ್ದನ್ನು ಮಾಡಿ ಮುಗಿಸಿದ ಮೇಲೆ ಮಾರುವುದಕ್ಕೂ, ಮಾರುವುದಕ್ಕೆಂದೇ ಕೂತು ಮಾಡುವುದಕ್ಕೂ ಬಹಳ ಅಂತರವಿದೆ ಎಂದು ನನ್ನ ಅನುಭವವೂ ಹೇಳುತ್ತದೆ. ಮೊದಲನೆಯ ದಾರಿಯಲ್ಲಿ ಗಳಿಕೆ ಕಡಿಮೆ, ಆದರೆ ಹವ್ಯಾಸ ಬಹುಪಾಲು ಉಳಿದುಕೊಳ್ಳುತ್ತದೆ.

ನಾನು ಮಾರಾಟಕ್ಕೆ ಒಗ್ಗುವ ಸ್ವಭಾವದವನೇ ಎಂದು ತಿಳಿಯುವುದು ಹೇಗೆ?

ಮೊದಲು ಈ ಕೆಲಸದಲ್ಲಿ ನಿಮಗೆ ಇಷ್ಟವಾಗುವುದು ಯಾವುದು ಎಂದು ಕೇಳಿಕೊಳ್ಳಿ. ಕೆಲವರಿಗೆ ಹೊಸದನ್ನು ಕಲಿಯುವುದು ಇಷ್ಟ. ಒಂದು ಮಾದರಿ ಕೈಗೆ ಬಂದ ಕೂಡಲೇ ಅವರ ಮನಸ್ಸು ಮುಂದಿನದಕ್ಕೆ ಹೋಗಿರುತ್ತದೆ. ಕೆಲವರಿಗೆ ಕೈ ಒಂದೇ ಲಯದಲ್ಲಿ ಆಡುತ್ತಿರುವುದೇ ನೆಮ್ಮದಿ; ಏನು ತಯಾರಾಗುತ್ತದೆ ಎಂಬುದು ಅವರಿಗೆ ಅಷ್ಟು ಮುಖ್ಯವಲ್ಲ. ಮತ್ತೆ ಕೆಲವರಿಗೆ ತಾವು ಮಾಡಿದ್ದನ್ನು ಪ್ರಿಯರಾದವರ ಕೈಗೆ ಕೊಡುವ ಗಳಿಗೆಯೇ ಎಲ್ಲಕ್ಕಿಂತ ದೊಡ್ಡದು. ಮಾರಾಟ ಎರಡನೆಯವರಿಗೆ ಸುಲಭವಾಗಿ ಒಗ್ಗುತ್ತದೆ. ಮೊದಲನೆಯವರಿಗೆ ಬೇಗ ಬೇಸರ ತರುತ್ತದೆ, ಮೂರನೆಯವರನ್ನು ಅನೇಕ ವೇಳೆ ನೋಯಿಸುತ್ತದೆ.

ನಾನು ಎಲ್ಲರಿಗೂ ಸೂಚಿಸುವ ಒಂದು ಪರೀಕ್ಷೆಯಿದೆ. ಮಾರಬೇಕೆಂದಿರುವ ವಸ್ತುವನ್ನು, ನೀವು ಆರಿಸದ ಬಣ್ಣದಲ್ಲಿ, ಇನ್ನೊಬ್ಬರು ಹೇಳಿದ ದಿನದೊಳಗೆ, ಒಂದೇ ಅಳತೆಯಲ್ಲಿ ಹತ್ತು ಮಾಡಿ ನೋಡಿ. ನಾನು ಮೊದಲ ಬಾರಿ ಒಂದೇ ಬಗೆಯ ಹನ್ನೆರಡು ಕೈಚೀಲಗಳನ್ನು ಹೆಣೆಯಲು ಒಪ್ಪಿಕೊಂಡಾಗ, ಮೊದಲ ಮೂರನ್ನು ಹೆಣೆಯುವಾಗ ಸಾಲುಗಳನ್ನು ಎಣಿಸುತ್ತಿದ್ದೆ, ಐದನೆಯದಕ್ಕೆ ಬರುವಷ್ಟರಲ್ಲಿ ಕೈಯೇ ಎಣಿಸುತ್ತಿತ್ತು, ಏಳನೆಯದರಲ್ಲಿ ಪ್ರತಿ ಸಾಲಿನ ಕೊನೆಗೂ ಗಡಿಯಾರ ನೋಡುತ್ತಿದ್ದೇನೆ ಎಂಬುದು ಗೊತ್ತಾಯಿತು. ಅದೇ ಕೆಲಸವನ್ನು ಜೊತೆಯಲ್ಲಿ ಮಾಡುತ್ತಿದ್ದ ಗೆಳತಿಯೊಬ್ಬರಿಗೆ ಹನ್ನೆರಡನೆಯದು ಮುಗಿದಾಗ ಇನ್ನೂ ಎರಡಿದ್ದರೆ ಚೆನ್ನಾಗಿತ್ತು ಎನಿಸಿತ್ತು. ನಮ್ಮಿಬ್ಬರ ಹೆಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಹತ್ತನೆಯ ವಸ್ತುವನ್ನು ಮೊದಲನೆಯದರಷ್ಟೇ ಮನಸ್ಸಿಟ್ಟು ಮಾಡಲು ಸಾಧ್ಯವೇ ಎಂಬುದೇ ಈ ತೀರ್ಮಾನದ ತಿರುಳು ಎಂದು ನಾನು ಭಾವಿಸುತ್ತೇನೆ. ಕೌಶಲದ ಪ್ರಶ್ನೆ ಅದರ ನಂತರ ಬರುತ್ತದೆ.

ನನ್ನ ಕೆಲಸ ಮಾರುವಷ್ಟು ಚೆನ್ನಾಗಿದೆಯೇ ಎಂದು ನಾನೇ ನಿರ್ಣಯಿಸಬಹುದೇ?

ಒಬ್ಬರೇ ನಿರ್ಣಯಿಸುವುದು ಕಷ್ಟ, ಏಕೆಂದರೆ ತಾನು ಮಾಡಿದ ವಸ್ತುವಿನ ಮೇಲೆ ಮನುಷ್ಯನಿಗೆ ಸಹಜವಾದ ಮಮತೆಯಿರುತ್ತದೆ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್ ಮತ್ತು ಡ್ಯಾನ್ ಏರಿಯಲಿ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನುಭವವಿಲ್ಲದವರು ಕಾಗದ ಮಡಿಸಿ ಮಾಡಿದ ಒರಿಗಾಮಿ ಆಕೃತಿಗಳಿಗೆ ಮಾಡಿದವರೇ ಕಟ್ಟಿದ ಬೆಲೆ, ನುರಿತವರ ಕೃತಿಗಳಿಗೆ ಹೊರಗಿನವರು ಕಟ್ಟಿದ ಬೆಲೆಗೆ ಹತ್ತಿರವಾಗಿತ್ತು. ಹೊಸಬರ ಅವೇ ಆಕೃತಿಗಳಿಗೆ ಹೊರಗಿನವರು ಕಟ್ಟಿದ ಬೆಲೆ ಬಹಳ ಕಡಿಮೆಯಿತ್ತು. ಇದಕ್ಕೆ ವಿರುದ್ಧವಾದ ಸ್ವಭಾವವೂ ಉಂಟು: ತಪ್ಪಿದ ಒಂದೇ ಕುಣಿಕೆಯನ್ನು ನೋಡಿ ಇಡೀ ಶಾಲನ್ನು ಬಿಚ್ಚುವವರಿದ್ದಾರೆ, ಆ ಕುಣಿಕೆ ಬೇರೆ ಯಾರ ಕಣ್ಣಿಗೂ ಬೀಳದಿದ್ದರೂ.

ಹಾಗಾಗಿ ಅಭಿಪ್ರಾಯ ಕೇಳುವುದಕ್ಕಿಂತ ವಸ್ತುವನ್ನು ಬಳಕೆಗೆ ಹಾಕಿ ನೋಡುವುದು ಮೇಲು. ಬಟ್ಟೆಯ ವಸ್ತುವನ್ನು ಐದಾರು ಬಾರಿ ಒಗೆದು, ಅದು ಕುಗ್ಗುತ್ತದೆಯೇ, ಬಣ್ಣ ಬಿಡುತ್ತದೆಯೇ, ಹೊಲಿಗೆ ಸಡಿಲವಾಗುತ್ತದೆಯೇ ಎಂದು ನೋಡಿ. ಚೀಲವಾದರೆ ತುಂಬಿಸಿ ಒಂದು ವಾರ ಹೊತ್ತು ತಿರುಗಿ. ಮಾಡಿದ್ದನ್ನು ಹಗಲಿನ ಬೆಳಕಿನಲ್ಲಿ, ತೋಳಿನಷ್ಟು ದೂರದಲ್ಲಿ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ನೂಲಿನ ಉಂಡೆಯ ಪಟ್ಟಿಯ ಮೇಲೆ ಬಣ್ಣದ ಹೆಸರಿನ ಜೊತೆಗೆ ಲಾಟ್ ಸಂಖ್ಯೆಯೂ ಅಚ್ಚಾಗಿರುತ್ತದೆ. ಒಂದೇ ಬಾರಿಗೆ ಒಂದೇ ತೊಟ್ಟಿಯಲ್ಲಿ ಬಣ್ಣ ಹಾಕಿದ ನೂಲಿಗೆ ಒಂದೇ ಸಂಖ್ಯೆ. ನಾನೊಮ್ಮೆ ಅದನ್ನು ನೋಡದೆ, ಉಂಡೆ ಮುಗಿದಾಗ ಅದೇ ಹೆಸರಿನ ಬಣ್ಣದ ಮತ್ತೊಂದನ್ನು ಜೋಡಿಸಿ ಶಾಲು ಮುಗಿಸಿದ್ದೆ. ರಾತ್ರಿ ದೀಪದ ಬೆಳಕಿನಲ್ಲಿ ಏನೂ ಕಾಣಿಸಲಿಲ್ಲ. ಬೆಳಿಗ್ಗೆ ಕಿಟಕಿಯ ಬಳಿ ಬಿಡಿಸಿ ಹಿಡಿದಾಗ, ಮುಕ್ಕಾಲು ಭಾಗದ ನಂತರ ಬಣ್ಣ ಒಂದು ಎಳೆಯಷ್ಟು ಗಾಢವಾಗಿ, ನಡುವೆ ಗೆರೆ ಎಳೆದಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಮನೆಯಲ್ಲೇ ಹೊದೆಯಬಹುದು, ಮಾರಲಾಗದು.

ಬೆಲೆಯನ್ನು ಹೇಗೆ ನಿಗದಿಪಡಿಸಬೇಕು?

ಸಾಮಗ್ರಿಯ ಖರ್ಚಿನ ಎರಡು ಪಟ್ಟು, ಮೂರು ಪಟ್ಟು ಎಂಬ ಸೂತ್ರಗಳು ಬಳಕೆಯಲ್ಲಿವೆಯಾದರೂ ಅವನ್ನು ನಾನು ಒಪ್ಪುವುದಿಲ್ಲ. ಅಗ್ಗದ ದಾರದಲ್ಲಿ ನಲವತ್ತು ಗಂಟೆ ಕೂತು ಮಾಡಿದ ಕಸೂತಿಗೂ, ದುಬಾರಿ ಮರದಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ಹಲಗೆಗೂ ಒಂದೇ ಸೂತ್ರ ಹೊಂದುವುದಿಲ್ಲ. ಸಾಮಗ್ರಿ, ಸಮಯ, ಉಪಕರಣಗಳ ಸವೆತ ಮತ್ತು ಪ್ಯಾಕಿಂಗ್, ಮಾರಿಕೊಡುವವರ ಕಮಿಷನ್ ಈ ನಾಲ್ಕನ್ನೂ ಬೇರೆಬೇರೆಯಾಗಿ ಬರೆದು ಕೂಡಿಸಬೇಕು. ಸಮಯವೆಂದರೆ ಹೆಣೆದ ಸಮಯವಷ್ಟೇ ಅಲ್ಲ. ನೂಲು ತರಲು ಹೋದದ್ದು, ಫೋಟೋ ತೆಗೆದದ್ದು, ಕೇಳಿದವರಿಗೆ ಉತ್ತರ ಬರೆದದ್ದು, ಕಟ್ಟಿ ಕಳುಹಿಸಿದ್ದು, ಎಲ್ಲವೂ ಸೇರುತ್ತದೆ.

ಒಂದು ಸಣ್ಣ ಕ್ರೋಶಾ ಬೊಂಬೆಯನ್ನು ತೆಗೆದುಕೊಳ್ಳೋಣ. ಒಂದು ಗಂಟೆಯ ಕೂಲಿಯನ್ನು 10 ಎಂದಿಟ್ಟುಕೊಂಡರೆ, ಹೆಣೆಯಲು 6 ಗಂಟೆಗೆ 60, ಉಳಿದ ಕೆಲಸಕ್ಕೆ ಒಂದೂವರೆ ಗಂಟೆಗೆ 15, ನೂಲು ಮತ್ತು ಹತ್ತಿಗೆ 8, ಪ್ಯಾಕಿಂಗ್ ಮತ್ತು ಸವೆತಕ್ಕೆ 5. ಒಟ್ಟು ಅಸಲು 88. ಇದನ್ನು ಮಾರಿಕೊಡುವ ಅಂಗಡಿ ಮಾರಿದ ಬೆಲೆಯ ಶೇಕಡ 40ನ್ನು ಇಟ್ಟುಕೊಳ್ಳುತ್ತದೆ ಎನ್ನೋಣ. ಇಲ್ಲಿ ಬಹಳ ಮಂದಿ ಎಡವುತ್ತಾರೆ: 88ಕ್ಕೆ ಶೇಕಡ 40 ಸೇರಿಸಿ ಸುಮಾರು 123 ಎಂದು ಬೆಲೆ ಬರೆಯುತ್ತಾರೆ. ಆದರೆ ಅಂಗಡಿ ತನ್ನ ಪಾಲನ್ನು ಕಳೆಯುವುದು ಆ 123ರಲ್ಲಿ, ಆದ್ದರಿಂದ ಕೈಗೆ ಬರುವುದು ಸುಮಾರು 74. ಒಂದು ಗಂಟೆಗೂ ಮೀರಿದ ಕೂಲಿ ಅಲ್ಲೇ ಕಳೆದುಹೋಯಿತು. ಸರಿಯಾದ ಲೆಕ್ಕದಲ್ಲಿ 88ನ್ನು 0.6ರಿಂದ ಭಾಗಿಸಬೇಕು, ಆಗ ಬೆಲೆ ಸುಮಾರು 147 ಆಗುತ್ತದೆ. ಇದರಲ್ಲಿ ಕೂಲಿಯಿದೆಯೇ ಹೊರತು ಲಾಭ ಇನ್ನೂ ಸೇರಿಲ್ಲ. ಕೆಟ್ಟುಹೋಗುವ, ಹಿಂದಿರುಗಿ ಬರುವ ಒಂದೆರಡು ವಸ್ತುಗಳ ನಷ್ಟವನ್ನು ಆ ಲಾಭದಿಂದಲೇ ತುಂಬಿಕೊಳ್ಳಬೇಕಾಗುತ್ತದೆ.

ನನಗೆ ಕೂಲಿ ಬೇಡ, ಸಾಮಗ್ರಿಯ ಖರ್ಚು ಬಂದರೆ ಸಾಕು. ಇದರಲ್ಲಿ ತಪ್ಪೇನಿದೆ?

ಈ ಪ್ರಶ್ನೆಗೆ ನಾನು ಸ್ವಲ್ಪ ಕಟ್ಟುನಿಟ್ಟಾಗಿಯೇ ಉತ್ತರಿಸುತ್ತೇನೆ. ನಿಮಗೆ ಬೇರೆ ಸಂಪಾದನೆಯಿರಬಹುದು. ಆದರೆ ಅದೇ ಕೆಲಸವನ್ನು ನೆಚ್ಚಿ ಮನೆ ನಡೆಸುವವರು ನಿಮ್ಮ ಪಕ್ಕದಲ್ಲೇ ಮಾರುತ್ತಿರುತ್ತಾರೆ. ನೂಲಿನ ಬೆಲೆಗೆ ನೀವು ಶಾಲು ಕೊಟ್ಟಾಗ, ಕೊಂಡವರ ಮನಸ್ಸಿನಲ್ಲಿ ಶಾಲಿನ ಬೆಲೆ ಅಷ್ಟೇ ಎಂಬುದು ಉಳಿಯುತ್ತದೆ, ಮುಂದೆ ನ್ಯಾಯವಾದ ಬೆಲೆ ಹೇಳಿದವರೆಲ್ಲ ಅವರ ಕಣ್ಣಿಗೆ ದುರಾಸೆಯವರಾಗಿ ಕಾಣುತ್ತಾರೆ. ಹಣ ಬೇಡವೆನ್ನುವವರಿಗೆ ಉಡುಗೊರೆಯಾಗಿ ಕೊಡುವ ದಾರಿ ತೆರೆದೇ ಇದೆ. ಉಡುಗೊರೆ ಯಾರ ಬೆಲೆಯನ್ನೂ ಇಳಿಸುವುದಿಲ್ಲ. ಮಾರುವುದೇ ಆದರೆ ಪೂರ್ತಿ ಬೆಲೆಗೆ ಮಾರಿ, ಬಂದ ಹಣವನ್ನು ನಿಮಗಿಷ್ಟವಾದ ಒಳ್ಳೆಯ ಕೆಲಸಕ್ಕೆ ಕೊಡಿ.

ಲೆಕ್ಕ ಹಾಕಿದ ಬೆಲೆಗೆ ಯಾರೂ ಕೊಳ್ಳುತ್ತಿಲ್ಲ. ಈಗ ಏನು ಮಾಡಲಿ?

ಬೆಲೆ ಇಳಿಸುವ ಮೊದಲು ವಸ್ತುವನ್ನು ಬದಲಾಯಿಸಿ ನೋಡಿ. ಗಂಟೆಗಳನ್ನು ನುಂಗುವ ದೊಡ್ಡ ಹೊದಿಕೆ, ಸ್ವೆಟರ್‌ಗಳಂಥವು ಬಹುತೇಕ ಯಾವ ಮಾರುಕಟ್ಟೆಯಲ್ಲೂ ತಮ್ಮ ಕೂಲಿಯನ್ನು ಹುಟ್ಟಿಸುವುದಿಲ್ಲ, ಏಕೆಂದರೆ ಕೊಳ್ಳುವವರು ಅವನ್ನು ಯಂತ್ರದ ಹೆಣಿಗೆಯ ಬೆಲೆಯೊಂದಿಗೆ ಹೋಲಿಸುತ್ತಾರೆ. ಒಂದೆರಡು ಗಂಟೆಯಲ್ಲಿ ಮುಗಿಯುವ, ಕೈಕೆಲಸದ ಚೆಲುವು ಎದ್ದು ಕಾಣುವ ಸಣ್ಣ ವಸ್ತುಗಳಲ್ಲಿ ಈ ತೊಂದರೆ ಕಡಿಮೆ. ಕಲಿಸುವುದು, ನಿಮ್ಮದೇ ಮಾದರಿಗಳನ್ನು ಬರೆದು ಮಾರುವುದು ಕೂಡ ದಾರಿಗಳೇ. ಹೊಸತನವನ್ನು ಪ್ರೀತಿಸುವವರಿಗೆ ಒಂದೇ ವಸ್ತುವನ್ನು ಮತ್ತೆ ಮತ್ತೆ ಮಾಡುವುದಕ್ಕಿಂತ ಇವು ಹೆಚ್ಚು ಹಿಡಿಸುತ್ತವೆ. ಇವೆಲ್ಲವನ್ನು ಮಾಡಿಯೂ ಲೆಕ್ಕ ಕೂಡದಿದ್ದರೆ, ಆ ವಸ್ತು ಮಾರಾಟಕ್ಕೆ ಹೊಂದುವುದಿಲ್ಲ ಎಂದಷ್ಟೇ ಅರ್ಥ. ನಿಮ್ಮ ಕೆಲಸದ ಗುಣದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕೇಳಿದವರ ಇಚ್ಛೆಯಂತೆ ಮಾಡಿಕೊಡುವ ಆರ್ಡರ್‌ಗಳನ್ನು ಒಪ್ಪಿಕೊಳ್ಳಬೇಕೇ?

ಆರಂಭದಲ್ಲಿ ಬೇಡ ಎಂಬುದು ನನ್ನ ಸಲಹೆ. ತೆರೇಸಾ ಅಮಾಬಿಲೆ ಮತ್ತು ಅವರ ಸಂಗಡಿಗರು 23 ಕಲಾವಿದರಿಂದ, ಬೇರೆಯವರು ಕೇಳಿ ಮಾಡಿಸಿಕೊಂಡ ಕೃತಿಗಳನ್ನೂ ಕಲಾವಿದರು ತಾವಾಗಿ ಮಾಡಿದ ಕೃತಿಗಳನ್ನೂ ಸಂಗ್ರಹಿಸಿ, ಯಾವುದು ಯಾವ ಬಗೆಯದೆಂದು ತಿಳಿಸದೆ ಪರಿಣತರ ಮುಂದಿಟ್ಟರು. ಕೌಶಲದಲ್ಲಿ ಎರಡೂ ಒಂದೇ ಮಟ್ಟದವು ಎಂದು ತೀರ್ಪು ಬಂತು, ಸೃಜನಶೀಲತೆಯಲ್ಲಿ ಮಾತ್ರ ಕೇಳಿ ಮಾಡಿಸಿದವು ಹಿಂದೆ ಬಿದ್ದವು. ಕೈ ಅದೇ, ಕಲಿಕೆ ಅದೇ. ಬದಲಾದದ್ದು ಕೆಲಸ ಯಾರ ಮನಸ್ಸಿನಿಂದ ಹೊರಟಿತು ಎಂಬುದು.

ಒಪ್ಪಿಕೊಳ್ಳುವುದಾದರೆ ಅಳತೆ, ಬಣ್ಣ, ಬೆಲೆ, ಕೊಡುವ ದಿನ, ಎಷ್ಟು ಬಾರಿ ಬದಲಾವಣೆ ಕೇಳಬಹುದು ಎಂಬುದನ್ನು ಬರಹದಲ್ಲಿಡಿ; ಅರ್ಧದಷ್ಟು ಮುಂಗಡ ಪಡೆಯಿರಿ; ಬೇಕೆನಿಸಿದ ಸಮಯಕ್ಕಿಂತ ಕಾಲು ಭಾಗ ಹೆಚ್ಚು ಕೇಳಿ. ಮುಂಗಡ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಹೆಸರು ಹೆಣೆದ ವಸ್ತುವನ್ನು ಕೇಳಿದವರು ಬೇಡವೆಂದರೆ ಅದನ್ನು ಇನ್ನಾರಿಗೂ ಕೊಡಲಾಗುವುದಿಲ್ಲ.

ಸ್ನೇಹಿತರು, ಬಂಧುಗಳು ಕೇಳಿದರೆ?

ಕೊಡುಗೆಯಾಗಿ ಕೊಡಿ, ಇಲ್ಲವೇ ಪೂರ್ತಿ ಬೆಲೆಗೆ ಕೊಡಿ. ಅರ್ಧ ಬೆಲೆಯ ವ್ಯವಹಾರದಲ್ಲಿ ಕೊಟ್ಟವರಿಗೆ ಕೊಟ್ಟ ತೃಪ್ತಿಯಿರುವುದಿಲ್ಲ, ಕೊಂಡವರಿಗೆ ಹಂಗು ಉಳಿಯುತ್ತದೆ.

ಬೇರೆಯವರ ಮಾದರಿಯನ್ನು ನೋಡಿ ಮಾಡಿದ್ದನ್ನು ಮಾರಬಹುದೇ?

ಮಾದರಿಯ ಬರಹ, ನಕ್ಷೆ ಮತ್ತು ಚಿತ್ರಗಳ ಹಕ್ಕು ಅದನ್ನು ರಚಿಸಿದವರದು. ಅವನ್ನು ನಕಲು ಮಾಡಿ ಮಾರುವಂತಿಲ್ಲ. ಅದನ್ನು ನೋಡಿ ಮಾಡಿದ ವಸ್ತುವನ್ನು ಮಾರುವ ಬಗ್ಗೆ ಅನೇಕ ವಿನ್ಯಾಸಕಾರರು ಮಾದರಿಯ ಪುಟದಲ್ಲೇ ತಮ್ಮ ಷರತ್ತನ್ನು ಬರೆದಿರುತ್ತಾರೆ: ಕೆಲವರು ಸಣ್ಣ ಪ್ರಮಾಣದ ಮಾರಾಟಕ್ಕೆ ಒಪ್ಪುತ್ತಾರೆ, ಕೆಲವರು ತಮ್ಮ ಹೆಸರನ್ನು ಹೇಳಬೇಕೆನ್ನುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಏನೂ ಬರೆದಿಲ್ಲವಾದರೆ ಬರೆದು ಕೇಳಿ. ಕೇಳಿದ್ದಕ್ಕೆ ಬೇಸರಪಟ್ಟವರನ್ನು ನಾನು ಕಂಡಿಲ್ಲ. ಜನಪ್ರಿಯ ಕಾರ್ಟೂನ್ ಪಾತ್ರಗಳು ಮತ್ತು ಕಂಪನಿಗಳ ಲಾಂಛನಗಳನ್ನು ಅನುಮತಿಯಿಲ್ಲದೆ ಬೊಂಬೆಯಾಗಿ, ಪದಕವಾಗಿ ಮಾಡಿ ಮಾರುವುದರಿಂದ ದೂರವಿರಿ. ಮಾರುವ ಮೊತ್ತ ಸಣ್ಣದೆಂಬ ಮಾತ್ರಕ್ಕೆ ಹಕ್ಕು ಇಲ್ಲವಾಗುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಏನನ್ನು ಗಮನಿಸಬೇಕು?

ಇಲ್ಲಿ ಉದಾಸೀನ ಸಲ್ಲದು, ಏಕೆಂದರೆ ಮಾರಿದ ವಸ್ತು ನಿಮ್ಮ ಕಣ್ಣಿಗೆ ಬೀಳದ ಮನೆಯಲ್ಲಿ ಬಳಕೆಯಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳಲ್ಲಿ ಬಿಡಿಭಾಗಗಳು ಕಿತ್ತುಬಂದು ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ, ಸುರಕ್ಷತಾ ಮಾನದಂಡಗಳಲ್ಲಿ ಸುಮಾರು 32 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ಭಾಗವೂ ಆ ವಯಸ್ಸಿನವರ ಆಟಿಕೆಯಲ್ಲಿ ಇರಬಾರದು. ಬೊಂಬೆಗೆ ಅಂಟಿಸುವ ಗುಂಡಿಯ ಕಣ್ಣು ಈ ಕೊಳವೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಅದಕ್ಕಾಗಿಯೇ ನಾನು ಎಳೆಯ ಮಕ್ಕಳ ಬೊಂಬೆಗಳ ಕಣ್ಣನ್ನು ದಾರದಲ್ಲೇ ಹೊಲಿಯುತ್ತೇನೆ.

ಬಿಸಿ ಮಾಡದ ವಿಧಾನದಲ್ಲಿ ಮಾಡಿದ ಸಾಬೂನನ್ನು ಸಾಮಾನ್ಯವಾಗಿ 4ರಿಂದ 6 ವಾರ ಒಣಗಲು ಬಿಡುತ್ತಾರೆ. ಅದರಲ್ಲಿ ಬಳಸುವ ಕಾಸ್ಟಿಕ್ ಸೋಡಾದ ಪ್ರಮಾಣ ಹೆಚ್ಚಾದರೆ ಚರ್ಮ ಸುಡುತ್ತದೆ, ಆದ್ದರಿಂದ ತೂಕವನ್ನು ಅಂದಾಜಿನಲ್ಲಿ ಹಾಕುವಂತಿಲ್ಲ. ಮೇಣದಬತ್ತಿಯಲ್ಲಿ ಪಾತ್ರೆಯ ಅಗಲಕ್ಕೆ ಬತ್ತಿ ಹೊಂದದಿದ್ದರೆ ಗಾಜು ಅತಿಯಾಗಿ ಕಾದು ಸಿಡಿಯಬಹುದು. ಪ್ರತಿ ಹೊಸ ಪಾತ್ರೆಗೂ ಒಂದನ್ನು ಕೊನೆಯವರೆಗೆ ಉರಿಸಿ ನೋಡಿದ ಮೇಲೆಯೇ ಮಾರಬೇಕು. ಆಹಾರಕ್ಕೆ ಬಳಸುವ ಮಣ್ಣಿನ ಪಾತ್ರೆಗಳ ಹೊಳಪಿನ ಲೇಪದಲ್ಲಿ ಸೀಸ, ಕ್ಯಾಡ್ಮಿಯಂ ಇರಬಾರದು. ಆಭರಣದಲ್ಲಿ ನಿಕ್ಕಲ್ ಇದ್ದರೆ ಅನೇಕರ ಚರ್ಮಕ್ಕೆ ತುರಿಕೆಯಾಗುವುದರಿಂದ, ಬಳಸಿದ ಲೋಹ ಯಾವುದೆಂದು ಚೀಟಿಯಲ್ಲಿ ಬರೆದಿರಬೇಕು.

ತೆರಿಗೆ, ನೋಂದಣಿ ಇತ್ಯಾದಿ?

ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಮಾರಾಟ ನಿಯಮಿತವಾಗುವ ಮೊದಲೇ ತಿಳಿದವರೊಬ್ಬರನ್ನು ಕೇಳಿ. ಎಲ್ಲೆಡೆಗೂ ಸಲ್ಲುವ ಮಾತೆಂದರೆ, ಮೊದಲ ವಸ್ತುವನ್ನು ಮಾರಿದ ದಿನದಿಂದಲೇ ಬಂದದ್ದು, ಹೋದದ್ದು ಎರಡನ್ನೂ ಮನೆಖರ್ಚಿನಿಂದ ಬೇರೆಯಾಗಿ ಬರೆದಿಡುವುದು.

ಹೆಚ್ಚು ಹೊತ್ತು ಕೆಲಸ ಮಾಡಿದರೆ ಕೈನೋವು ಬರುತ್ತದೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ಖಂಡಿತವಾಗಿ. ಹವ್ಯಾಸಿಗೆ ನೋವು ಬಂದಾಗ ನಿಲ್ಲಿಸುವ ಸ್ವಾತಂತ್ರ್ಯವಿರುತ್ತದೆ, ದಿನ ಗೊತ್ತುಮಾಡಿ ಒಪ್ಪಿಕೊಂಡವರಿಗೆ ಅದು ಇರುವುದಿಲ್ಲ. ಮಣಿಕಟ್ಟಿನಲ್ಲಿ ಮೂಳೆಗಳ ಮತ್ತು ಒಂದು ಗಟ್ಟಿ ಪಟ್ಟಿಯ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಬೆರಳುಗಳ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಹಾದುಹೋಗುತ್ತವೆ. ಒಂದೇ ಚಲನೆ ಬಿಡುವಿಲ್ಲದೆ ನಡೆದು ಅಲ್ಲಿ ಊತವಾದರೆ ನರ ಒತ್ತಲ್ಪಟ್ಟು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ. ಅರ್ಧ ಗಂಟೆಗೊಮ್ಮೆ ಸೂಜಿ ಕೆಳಗಿಟ್ಟು ಕೈ ಚಾಚಿ. ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದ್ದರೆ ವೈದ್ಯರನ್ನು ಕಾಣಿ. ದಿನಕ್ಕೆ ಎಷ್ಟು ಗಂಟೆ ನೋವಿಲ್ಲದೆ ಮಾಡಬಲ್ಲಿರಿ ಎಂಬುದೇ ನೀವು ಒಪ್ಪಿಕೊಳ್ಳಬಹುದಾದ ಕೆಲಸದ ಮಿತಿ.

ಪೂರ್ತಿ ತೀರ್ಮಾನಕ್ಕೆ ಬರುವ ಮೊದಲು ಪ್ರಯೋಗವಾಗಿ ಮಾರಿ ನೋಡಬಹುದೇ?

ನೋಡಲೇಬೇಕು. ಮೂರು ತಿಂಗಳ ಅವಧಿ, ಒಂದೇ ಬಗೆಯ ವಸ್ತು, ಹತ್ತರಿಂದ ಹದಿನೈದರ ಸಂಖ್ಯೆ, ಇಷ್ಟಕ್ಕೆ ಮಿತಿ ಹಾಕಿಕೊಳ್ಳಿ. ಈ ಅವಧಿಗೆಂದು ಹೊಸ ಯಂತ್ರ ಕೊಳ್ಳಬೇಡಿ, ಸಾಮಗ್ರಿಯನ್ನು ಸಗಟಾಗಿ ತುಂಬಿಸಿಕೊಳ್ಳಬೇಡಿ. ಕೊಂಡದ್ದಕ್ಕೆ ನ್ಯಾಯ ಸಲ್ಲಿಸಬೇಕೆಂದು ಮುಂದುವರಿಯುವವರನ್ನು ನಾನು ಬಹಳ ನೋಡಿದ್ದೇನೆ. ಪ್ರತಿ ವಸ್ತುವಿಗೆ ಹಿಡಿದ ಸಮಯವನ್ನು ನಿಮಿಷಗಳಲ್ಲಿ ಬರೆದಿಡಿ. ಅದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನೂ ಬರೆಯಿರಿ: ಈ ವಾರ ಯಾರಿಗೂ ಕೊಡಬೇಕಾಗಿಲ್ಲದ, ನಿಮಗಾಗಿಯೇ ಮಾಡಿದ ಕೆಲಸಕ್ಕೆ ಎಷ್ಟು ಹೊತ್ತು ಕೂತಿರಿ ಎಂಬುದನ್ನು. ಆ ಸಂಖ್ಯೆ ವಾರದಿಂದ ವಾರಕ್ಕೆ ಇಳಿಯುತ್ತಾ ಸೊನ್ನೆಗೆ ಬಂದಿದ್ದರೆ, ಹಣದ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಒಮ್ಮೆ ನಿಂತು ಯೋಚಿಸಬೇಕು.

ಮಾರಲು ಆರಂಭಿಸಿ ಈಗ ಬೇಡವೆನಿಸಿದೆ. ನಿಲ್ಲಿಸಿದರೆ ಸೋತಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಒಪ್ಪಿಕೊಂಡ ಆರ್ಡರ್‌ಗಳನ್ನು ಮುಗಿಸಿಕೊಡಿ, ಮುಗಿಸಲಾಗದವುಗಳ ಮುಂಗಡವನ್ನು ಕೂಡಲೇ ಮರಳಿಸಿ, ಹೊಸದಾಗಿ ಕೇಳುವವರಿಗೆ ಈ ಕೆಲಸವನ್ನು ಮಾರಾಟಕ್ಕೆ ಮಾಡುವ ಬೇರೊಬ್ಬರ ಹೆಸರನ್ನು ಹೇಳಿ. ಎಲ್ಲವನ್ನೂ ಒಮ್ಮೆಗೇ ಬಿಡಬೇಕೆಂದೂ ಇಲ್ಲ. ನಾನು ಶಾಲುಗಳನ್ನು ಮಾರುವುದನ್ನು ನಿಲ್ಲಿಸಿದೆ, ಬೊಂಬೆಗಳನ್ನು ಮಾರುತ್ತಿದ್ದೇನೆ. ಬೊಂಬೆಗಳಿಗೆ ತಿಂಗಳಿಗೆ ಆರು ಎಂಬ ಮಿತಿಯಿದೆ, ಬಣ್ಣವನ್ನು ನಾನೇ ಆರಿಸುತ್ತೇನೆ. ಶಾಲಿಗೆಂದು ತಂದು ಉಳಿದಿದ್ದ ನೂಲನ್ನು ಲಾಟ್ ಸಂಖ್ಯೆಯ ಪ್ರಕಾರ ಬೇರೆ ಮಾಡಿಟ್ಟು, ಸಂಜೆಯ ಹೊತ್ತು ಯಾವ ಅವಸರವೂ ಇಲ್ಲದೆ ಹೆಣೆಯುತ್ತಿದ್ದೇನೆ. ಮೊನ್ನೆ ಮುಗಿದದ್ದು ನನ್ನ ತಂಗಿಯ ಹೆಗಲ ಮೇಲಿದೆ.